‘ಆಮೇಲೆ ನೋಡ್ಕೊಳ್ಳೋಣ’ ಅಂದವರು ಆಮೇಲೆ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಕಟ್ಟಡದ ಕೆಲಸಗಳು ಯಾಕೆ ತಡವಾಗುತ್ತವೆ ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಬಹಳಷ್ಟು ಒಪ್ಪಿಗೆಯಾಯಿತು. ಒಂದು ಮಾತು ಮಾತ್ರ ಚುಚ್ಚಿತು. ಅನುಭವ ಇರುವ ಗುತ್ತಿಗೆದಾರನಿಗೆ ಎಲ್ಲವೂ ಮೊದಲೇ ಗೊತ್ತಿರಬೇಕು, ಆಮೇಲೆ ಕೇಳುವ ಹೆಚ್ಚುವರಿ ಹಣವೆಲ್ಲ ಬರೀ ನೆಪ ಎಂಬ ಅರ್ಥದ ಮಾತು ಅದು. ಬರೆದವರು ಪಾಯದ ಗುಂಡಿಗೆ ಇಳಿದು ನೋಡಿದವರಲ್ಲ ಅನ್ನಿಸಿತು.

ನಾನು 31 ವರ್ಷ ಬಿಲ್ಲಿಂಗ್ ಎಂಜಿನಿಯರ್ ಆಗಿದ್ದೆ. ಮೊದಲ 19 ವರ್ಷ ಗುತ್ತಿಗೆದಾರರ ಕಡೆ. ಅಲ್ಲಿ ಕ್ಲೇಮ್, ಅಂದರೆ ಹೆಚ್ಚುವರಿ ಹಣ, ಸಮಯ ಕೇಳುವ ಪತ್ರ ಬರೆಯುವುದು ನನ್ನ ಕೆಲಸ. ಉಳಿದ 12 ವರ್ಷ ಮಾಲೀಕರ ಪರವಾದ ಸಲಹೆಗಾರರ ಕಚೇರಿಯಲ್ಲಿ. ಅಲ್ಲಿ ಬೇರೆಯವರು ಬರೆದ ಕ್ಲೇಮಿಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುವುದು ನನ್ನ ಕೆಲಸ. ಎರಡೂ ಕಡೆಯ ಕಳ್ಳಾಟ ನನಗೆ ಗೊತ್ತು. ಕೆಲವನ್ನು ನಾನೇ ಆಡಿದ್ದೇನೆ. ಆ ಸಲುಗೆಯಿಂದ ಈ ಪತ್ರ.

ಮೊದಲು ಒಂದು ಬಾವಿಯ ಕಥೆ ಹೇಳಬೇಕು.

ಕೆಲಸಕ್ಕೆ ಸೇರಿ ಎರಡನೇ ವರ್ಷ. ನಾಲ್ಕು ಮಹಡಿಯ ಕಟ್ಟಡ. ಟೆಂಡರ್ ಜೊತೆ ಮಾಲೀಕರು ಮಣ್ಣು ಪರೀಕ್ಷೆಯ ವರದಿ ಕೊಟ್ಟಿದ್ದರು. ಜಾಗದಲ್ಲಿ ಐದು ಕಡೆ ಬೋರ್ ಹಾಕಿ ನೋಡಿದ್ದರು, ಐದರಲ್ಲೂ ಗಟ್ಟಿ ಮಣ್ಣು. ಒಂದೊಂದು ಬೋರು ಒಂದು ಗೇಣಿಗಿಂತ ಅಗಲ ಇರುವುದಿಲ್ಲ. ಐದು ಸೂಜಿ ಚುಚ್ಚಿ ಇಡೀ ಮೂಟೆಯಲ್ಲಿ ಏನಿದೆ ಅಂತ ಹೇಳಿದ ಹಾಗೆ. ಎಫ್-14 ಅಂತ ನಂಬರು ಇದ್ದ ಪಾಯದ ಗುಂಡಿಗೂ ಹತ್ತಿರದ ಬೋರಿಗೂ 18 ಮೀಟರ್ ದೂರ.

ಗುಂಡಿ ಎರಡು ಮೀಟರ್ ದಾಟಿದ ಮೇಲೆ ಯಂತ್ರ ಓಡಿಸುತ್ತಿದ್ದವನು ಕೈ ಬೀಸಿ ಕರೆದ. “ಮೇಡಮ್ಮೋರೇ, ಬಕೆಟ್ಟು ಸುಮ್ನೆ ಒಳಗೆ ಹೋಗ್ತಾ ಇದೆ. ಇಲ್ಲಿ ಏನೋ ಬೇರೆ ಇದೆ” ಅಂದ. ಇಳಿದು ನೋಡಿದೆ. ಕಪ್ಪು ಕೆಸರು, ಕೊಳೆತ ಎಲೆಯ ವಾಸನೆ, ಒಂದು ಬದಿಯಲ್ಲಿ ಬಿಲ್ಲಿನ ಹಾಗೆ ಬಾಗಿದ ಇಟ್ಟಿಗೆ ಸಾಲು. ಯಾವ ಕಾಲದಲ್ಲೋ ಮುಚ್ಚಿದ ಹಳೇ ಬಾವಿ. ಯಾವ ನಕ್ಷೆಯಲ್ಲೂ ಇರಲಿಲ್ಲ.

ಸೈಟ್ ಇನ್‌ಚಾರ್ಜ್ ಬಂದರು. ಒಳ್ಳೆಯ ಮನುಷ್ಯ, ಕೆಲಸಗಾರ, ಮಳೆ ಶುರುವಾಗುವ ಮೊದಲು ಪಾಯ ಮುಗಿಸಬೇಕು ಅನ್ನುವ ಅವಸರ. “ಫೋಟೋ ತೆಗೆದುಕೊಳ್ಳಮ್ಮಾ. ಮೊದಲು ತುಂಬಿಸೋಣ, ಲೆಕ್ಕ ಆಮೇಲೆ ನೋಡ್ಕೊಳ್ಳೋಣ” ಅಂದರು. ಅದು ರೀಲ್ ಕ್ಯಾಮೆರಾ ಕಾಲ. ಮೂರು ಫೋಟೋ ತೆಗೆದೆ. ಆರು ದಿನ ಪಂಪ್ ಹಾಕಿ ನೀರು ಹೊಡೆದರು. ಕೆಸರು ಎತ್ತಿದರು. ಅಡ್ಡ ಮೂರೂವರೆ ಮೀಟರ್, ಆಳ 4.8 ಮೀಟರ್. ಸುಮಾರು 46 ಘನ ಮೀಟರ್ ಕಾಂಕ್ರೀಟು ಆ ಬಾವಿಯ ಹೊಟ್ಟೆಗೆ ಹೋಯಿತು. ಮೇಲೆ ಪಾಯ, ಅದರ ಮೇಲೆ ಕಂಬ ಎದ್ದವು. ಪತ್ರ ಬರೆಯಲು ನನಗೆ ಪುರುಸೊತ್ತಾಗಿದ್ದು 41ನೇ ದಿನ. ಕರಾರಿನಲ್ಲಿ ತಿಳಿಸಲು ಇದ್ದ ಗಡುವು 28 ದಿನ.

ಮಾಲೀಕರ ಎಂಜಿನಿಯರ್ ಜೊತೆ ಕೂತ ಆ ಸಭೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಕೂಗಾಡಲಿಲ್ಲ. ಮೂರೂ ಫೋಟೋ ಮೇಜಿನ ಮೇಲೆ ಸಾಲಾಗಿ ಇಟ್ಟರು. “ಬಾವಿ ಇತ್ತು ಅಂತ ನಾನು ನಂಬ್ತೀನಿ. ಆದರೆ ಎಷ್ಟು ದೊಡ್ಡದು ಅಂತ ಹೇಗೆ ನಂಬಲಿ? ನೀವೇ ಮುಚ್ಚಿಬಿಟ್ಟಿರಲ್ಲ” ಅಂದರು. ಫೋಟೋದಲ್ಲಿ ಟೇಪು ಹಿಡಿದಿರಲಿಲ್ಲ. ತಾರೀಖು ಇರಲಿಲ್ಲ. ಕೆಸರು ಮೆತ್ತಿದ ಒಂದು ಗಂಬೂಟು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಪೈಸೆ ಸಿಗಲಿಲ್ಲ. ಹೆಚ್ಚುವರಿ ದಿನವೂ ಸಿಗಲಿಲ್ಲ.

ಆಗ ನನಗೆ ಅನ್ನಿಸಿದ್ದು, ಇದು ಮೋಸ, ನಿಯಮದ ನೆಪದಲ್ಲಿ ನ್ಯಾಯದ ಹಣ ನುಂಗಿದರು ಎಂದು. ವರ್ಷಗಳ ನಂತರ ಮೇಜಿನ ಆ ಬದಿಗೆ ಕೂತ ಮೇಲೆ ಬೇರೆಯದೇ ಹೊಳೆಯಿತು. ಅವತ್ತೇ ತಿಳಿಸಿದ್ದರೆ ಅವರು ಬಂದು ನೋಡುತ್ತಿದ್ದರು. ಕಂಬವನ್ನು ಸ್ವಲ್ಪ ಸರಿಸಬಹುದಿತ್ತು. ಬಾವಿಯ ಮೇಲೆ ಒಂದು ತೊಲೆ ಹಾಯಿಸಿ ದಾಟಬಹುದಿತ್ತು. 46 ಘನ ಮೀಟರ್ ಕಾಂಕ್ರೀಟು ಸುರಿಯುವುದು ಇದ್ದ ದಾರಿಗಳಲ್ಲಿ ಒಂದು, ಅಷ್ಟೆ. ಯಾವ ದಾರಿ ಅಂತ ಹಣ ಕೊಡುವವರು ಆರಿಸಬೇಕಿತ್ತು. ನಾವು ಆರಿಸಿ, ಮುಚ್ಚಿ, ಬಿಲ್ಲು ಕಳಿಸಿದೆವು.

ಲೇಖಕರು ಬಿಟ್ಟ ವಿಷಯ ಇದು. ಊಹಿಸದ ಸಂಗತಿ ಬರುವುದು ತಪ್ಪಲ್ಲ. ನೆಲ ಅಂದಮೇಲೆ ಬಂದೇ ಬರುತ್ತದೆ. ಜಗಳ ಹುಟ್ಟುವುದು ಅದು ಬಂದ ದಿನ ಯಾರೂ ಬರೆಯದೆ ಇರುವುದರಿಂದ.

ಇನ್ನು ‘ಅನುಭವಸ್ಥನಿಗೆ ಗೊತ್ತಿರಬೇಕಿತ್ತು’ ಎಂಬ ಮಾತಿಗೆ ಬರುತ್ತೇನೆ. ಅದು ಪೂರ್ತಿ ಸುಳ್ಳೂ ಅಲ್ಲ. ಸಲಹೆಗಾರ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್, ಜಗತ್ತಿನ ದೊಡ್ಡ ಕಾಮಗಾರಿಗಳಲ್ಲಿ ಅದರ ಮಾದರಿ ಕರಾರುಗಳೇ ಜಾಸ್ತಿ ಬಳಕೆ. ಕೆಂಪು ಪುಸ್ತಕ ಅನ್ನುವ ಅದರ 1999ರ ಮಾದರಿ ಕರಾರಿನಲ್ಲಿ ‘ಊಹಿಸಲಾಗದ್ದು’ ಅಂದರೆ ಏನು ಅಂತ ಬರೆದಿದ್ದಾರೆ. ಅನುಭವ ಇರುವ ಗುತ್ತಿಗೆದಾರ ಟೆಂಡರ್ ಹಾಕುವ ದಿನದ ಹೊತ್ತಿಗೆ ನ್ಯಾಯವಾಗಿ ಊಹಿಸಲು ಆಗದ್ದು. ಈ ಅಳತೆ ಸರಿಯಾಗಿದೆ. ಆದರೆ ಅನುಭವ ಅಂದರೆ ಭವಿಷ್ಯ ಹೇಳುವುದಲ್ಲ. ಬ್ರಿಟನ್ನಿನ ಎನ್‌ಇಸಿ ಎಂಬ ಇನ್ನೊಂದು ಮಾದರಿ ಕರಾರು ಇದನ್ನು ನನಗೆ ಇಷ್ಟವಾಗುವ ಹಾಗೆ ಹೇಳುತ್ತದೆ. ಆ ಸಂಗತಿ ಬರುವ ಸಾಧ್ಯತೆ ಎಷ್ಟು ಕಡಿಮೆ ಅಂದರೆ, ಅದಕ್ಕೂ ಸೇರಿಸಿ ದರ ಹಾಕುವುದು ಅರ್ಥವಿಲ್ಲದ ಮಾತಾಗುತ್ತಿತ್ತು ಅನ್ನುವಂತಿರಬೇಕು. ಯೋಚನೆಗೆ ನಿಲುಕುತ್ತಿತ್ತಾ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಯೋಚನೆಗೆ ಎಲ್ಲವೂ ನಿಲುಕುತ್ತದೆ. ಅದಕ್ಕೆ ದುಡ್ಡು ಇಟ್ಟುಕೊಳ್ಳಬೇಕಿತ್ತಾ ಎಂಬುದೇ ಪ್ರಶ್ನೆ.

ಗುತ್ತಿಗೆದಾರ ಸೋತ ಒಂದು ಹೆಸರಾಂತ ಮೊಕದ್ದಮೆಯೂ ಇದೆ. ಬ್ರಿಟನ್ ಆಡಳಿತದ ಜಿಬ್ರಾಲ್ಟರಿನ ವಿಮಾನ ನಿಲ್ದಾಣದ ರನ್‌ವೇ ಅಡಿಯಲ್ಲಿ ರಸ್ತೆ ಮತ್ತು ಸುರಂಗದ ಕೆಲಸ. ಅಗೆದಾಗ ವಿಷಬೆರೆತ ಮಣ್ಣು ಎಣಿಸಿದ್ದಕ್ಕಿಂತ ಜಾಸ್ತಿ ಬಂತು ಅಂತ ಗುತ್ತಿಗೆದಾರರು ಹೆಚ್ಚಿನ ಸಮಯ, ಹಣ ಕೇಳಿದರು. 2014ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಒಪ್ಪಲಿಲ್ಲ. ಆ ಜಾಗಕ್ಕೆ ಸೇನೆಯ ಬಳಕೆಯ ದೊಡ್ಡ ಇತಿಹಾಸ ಇದೆ, ದಾಖಲೆಯಲ್ಲಿ ಬರೆದ ಅಂಕಿಯನ್ನೇ ನಂಬಿ ಕೂರದೆ ಯೋಚಿಸಬೇಕಿತ್ತು ಎಂದಿತು. ನನ್ನ ಪ್ರಕಾರ ಅದು ಸರಿಯಾದ ತೀರ್ಪು. ಹಳೇ ಗ್ಯಾರೇಜು ಇದ್ದ ಜಾಗದಲ್ಲಿ ಮಣ್ಣಿನಲ್ಲಿ ಎಣ್ಣೆ ಸಿಕ್ಕಿತು ಅಂತ ಆಶ್ಚರ್ಯಪಟ್ಟರೆ ಹೇಗೆ?

ಹಾಗಂತ ಎಲ್ಲ ಹೊರೆಯನ್ನೂ ಗುತ್ತಿಗೆದಾರನ ತಲೆಗೇ ಕಟ್ಟಿದರೆ? ಅದಕ್ಕೂ ಮಾದರಿ ಇದೆ. ಫಿಡಿಕ್‌ನದೇ ಬೆಳ್ಳಿ ಪುಸ್ತಕ. ಅದರಲ್ಲಿ ಏನೇ ಕಷ್ಟ ಬಂದರೂ ಗುತ್ತಿಗೆದಾರ ಮೊದಲೇ ಊಹಿಸಿದ್ದ ಅಂತಲೇ ಲೆಕ್ಕ. ಮಾಲೀಕರಿಗೆ ಓದಲು ಹಾಯೆನಿಸುತ್ತದೆ. ಆದರೆ ಆ ಪುಸ್ತಕದ ಮುನ್ನುಡಿಯ ಟಿಪ್ಪಣಿಯನ್ನೂ ಅವರು ಓದಬೇಕು. ನೆಲದಡಿಯ ಕೆಲಸ ಜಾಸ್ತಿ ಇದ್ದರೆ, ಟೆಂಡರ್ ಹಾಕುವವರು ನೋಡಲಾಗದ ಜಾಗ ಇದ್ದರೆ, ಈ ಕರಾರು ಬಳಸಬೇಡಿ ಅಂತ ಬರೆದವರೇ ಹೇಳಿದ್ದಾರೆ. ಕೊನೆಗೆ 2019ರಲ್ಲಿ ಸುರಂಗ ಮತ್ತು ನೆಲದಡಿಯ ಕೆಲಸಕ್ಕೆಂದೇ ಪಚ್ಚೆ ಪುಸ್ತಕ ತಂದರು. ಅದರ ಜೀವಾಳ ಒಂದು ತಳಹದಿ ವರದಿ. ನೆಲದಲ್ಲಿ ಇಂಥದ್ದು ಇಷ್ಟು ಇರುತ್ತದೆ ಅಂತ ಇಬ್ಬರೂ ಸೇರಿ ಒಪ್ಪಿಕೊಳ್ಳುವ ಗೆರೆ. ಗೆರೆಯ ಈಚೆ ಬಂದದ್ದು ಗುತ್ತಿಗೆದಾರನ ಪಾಲು, ಆಚೆ ಬಂದದ್ದು ಮಾಲೀಕರ ಪಾಲು. ನಿಜವಾಗಿ ನೆಲದಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಗೆರೆ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತು. ಅಷ್ಟು ಸಾಕು.

ಎಲ್ಲ ಹೊರೆ ಹೊರಿಸಿದ ಟೆಂಡರಿಗೆ ದರ ಹಾಕುವ ಕೋಣೆಯಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ. ಎರಡೇ ಬಗೆಯ ಜನ ಇರುತ್ತಾರೆ. ಎಚ್ಚರದವರು ಬಂಡೆ ಬರುತ್ತದೆ, ನೀರು ಬರುತ್ತದೆ ಅಂತ ಎಲ್ಲಕ್ಕೂ ಸೇರಿಸಿ ದರ ಏರಿಸುತ್ತಾರೆ. ಅವರಿಗೆ ಕೆಲಸ ಸಿಗುವುದಿಲ್ಲ. ಸಿಕ್ಕರೂ, ಬಾರದ ಬಂಡೆಗೆ ಮಾಲೀಕರು ದುಡ್ಡು ಕೊಟ್ಟ ಹಾಗಾಗುತ್ತದೆ. ಇನ್ನೊಬ್ಬರು ದೇವರಿದ್ದಾನೆ ಅಂತ ಕಡಿಮೆ ದರ ಹಾಕುತ್ತಾರೆ. ಅವರಿಗೇ ಕೆಲಸ ಸಿಗುತ್ತದೆ. ಬಂಡೆ ಬಂದ ದಿನ ಅವರು ಕೂಲಿಯಾಳುಗಳನ್ನು ಬೇರೆ ಸೈಟಿಗೆ ಕಳಿಸಿಬಿಡುತ್ತಾರೆ.

ಬೆಲೆ ಏರಿಕೆಯ ಮಾತು ಬೇರೆ. ಇಲ್ಲಿ ಕೋರ್ಟನ್ನು ನಂಬಿಕೊಂಡು ಕೂತವರು ಕೆಟ್ಟರು ಅಂತಲೇ ಹೇಳಬೇಕು. ಇಂಗ್ಲೆಂಡಿನಲ್ಲಿ 1946ರಲ್ಲಿ ಒಬ್ಬ ಗುತ್ತಿಗೆದಾರರು 78 ಮನೆಗಳನ್ನು ಎಂಟು ತಿಂಗಳಲ್ಲಿ ಕಟ್ಟಿಕೊಡಲು ಒಪ್ಪಿದರು. ಯುದ್ಧ ಮುಗಿದ ಕಾಲ, ಆಳುಗಳು ಸಿಗಲಿಲ್ಲ. 22 ತಿಂಗಳಾಯಿತು. ಪರಿಸ್ಥಿತಿಯೇ ಬದಲಾಯಿತು, ಹಳೇ ಕರಾರು ಸತ್ತಿತು, ನಿಜವಾಗಿ ಆದ ಖರ್ಚು ಕೊಡಿ ಅಂತ ಕೇಳಿದರು. 1956ರಲ್ಲಿ ಅಲ್ಲಿನ ಆಗಿನ ಅತ್ಯುನ್ನತ ನ್ಯಾಯಾಲಯ ಹೌಸ್ ಆಫ್ ಲಾರ್ಡ್ಸ್ ಆಗಲ್ಲ ಅಂದಿತು. ಕೆಲಸ ಕಷ್ಟವಾಯಿತು, ದುಬಾರಿಯಾಯಿತು ಅಂದ ಮಾತ್ರಕ್ಕೆ ಅದು ಬೇರೆ ಕೆಲಸವಾಗಿಬಿಡುವುದಿಲ್ಲ ಎಂದು.

ಫ್ರಾನ್ಸಿನ ಕಥೆ ಇದಕ್ಕಿಂತ ಮಜವಾಗಿದೆ. 1560ರ ದಶಕದಲ್ಲಿ ಒಂದು ಕಾಲುವೆಯ ನೀರಿಗೆ ದರ ಗೊತ್ತು ಮಾಡಿ ಕರಾರು ಬರೆದರು. ಮುನ್ನೂರು ವರ್ಷ ಕಳೆಯಿತು. ಆ ದರದಲ್ಲಿ ಕಾಲುವೆಯ ಹೂಳೆತ್ತುವುದಕ್ಕೂ ಸಾಲದು. ಕೆಳಗಿನ ಕೋರ್ಟು ಅಯ್ಯೋ ಪಾಪ ಅಂತ ದರ ಏರಿಸಿತು. 1876ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಾಲ ಎಷ್ಟೇ ಬದಲಾಗಲಿ, ಇಬ್ಬರು ಒಪ್ಪಿ ಬರೆದದ್ದನ್ನು ನಾವು ತಿದ್ದುವಂತಿಲ್ಲ ಎಂದು. 1916ರಲ್ಲಿ ಅದೇ ದೇಶದ ಆಡಳಿತ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಬೋರ್ಡೋ ನಗರಕ್ಕೆ ಗ್ಯಾಸ್ ಕೊಡುತ್ತಿದ್ದ ಕಂಪನಿಗೆ ಯುದ್ಧದಿಂದಾಗಿ ಕಲ್ಲಿದ್ದಲ ಬೆಲೆ ಲೆಕ್ಕಕ್ಕೆ ಸಿಗದಷ್ಟು ಏರಿತ್ತು. ನೀನು ದೀಪ ಆರಿಸುವಂತಿಲ್ಲ, ಆದರೆ ಮಿತಿಮೀರಿದ ನಷ್ಟದಲ್ಲಿ ನಗರವೂ ಪಾಲು ಹೊರಬೇಕು ಎಂದಿತು. ಖಾಸಗಿ ಕರಾರುಗಳಿಗೆ ಈ ದಾರಿ ತೆರೆಯಲು ಇನ್ನೂ ನೂರು ವರ್ಷ ಬೇಕಾಯಿತು. ಅಲ್ಲಿನ ನಾಗರಿಕ ಸಂಹಿತೆಗೆ 2016ರಲ್ಲಿ ತಂದ ತಿದ್ದುಪಡಿಯ 1195ನೇ ಕಲಮಿನಲ್ಲಿ, ಊಹಿಸದ ಬದಲಾವಣೆಯಿಂದ ಕರಾರು ವಿಪರೀತ ಭಾರವಾದರೆ ಮತ್ತೆ ಕೂತು ಮಾತಾಡೋಣ ಅಂತ ಕೇಳಬಹುದು. ಮಾತು ನಡೆಯುವಾಗಲೂ ಕೆಲಸ ನಿಲ್ಲಿಸುವಂತಿಲ್ಲ.

ನೂರು ವರ್ಷ ಕಾಯುವ ಕೆಲಸವನ್ನು ಅರ್ಧ ಪುಟದ ಸೂತ್ರ ಮಾಡುತ್ತದೆ. ಬಿಲ್ಲಿನಲ್ಲಿ ಬದಲಾಗದ ಭಾಗ ಇಷ್ಟು, ಕೂಲಿಯ ಪಾಲು ಇಷ್ಟು, ಕಬ್ಬಿಣ, ಸಿಮೆಂಟು, ಡೀಸೆಲ್ಲಿನ ಪಾಲು ಇಷ್ಟಿಷ್ಟು ಅಂತ ಮೊದಲೇ ಬರೆದಿಡುವುದು. ಕಬ್ಬಿಣದ ಪಾಲು ಕಾಲು ಭಾಗ ಅಂತಿದ್ದು, ಅದರ ಬೆಲೆ ಸೂಚ್ಯಂಕ ಶೇಕಡಾ 40 ಏರಿದರೆ, ಬಿಲ್ಲು ಶೇಕಡಾ 10 ಏರುತ್ತದೆ. ಇಳಿದರೆ ಇಳಿಯುತ್ತದೆ, ಆಗ ಗುತ್ತಿಗೆದಾರ ಮುಖ ಗಂಟಿಕ್ಕುವಂತಿಲ್ಲ. ಯಾರೂ ಯಾರ ಕಾಲೂ ಹಿಡಿಯಬೇಕಿಲ್ಲ. ಈ ಕಲಮನ್ನು ‘ಅನ್ವಯಿಸುವುದಿಲ್ಲ’ ಅಂತ ಹೊಡೆದುಹಾಕಿದ ಕರಾರುಗಳನ್ನು ನಾನು ಬಹಳ ನೋಡಿದ್ದೇನೆ. ಹೊಡೆದುಹಾಕಿದವರಿಗೆ ಅದರಲ್ಲೊಂದು ಜಾಣತನದ ಖುಷಿ.

ಯುದ್ಧ, ಭೂಕಂಪ, ಸಾಂಕ್ರಾಮಿಕ ರೋಗ ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಚ್ಚಿನ ಕರಾರುಗಳಲ್ಲಿ ಇವುಗಳಿಗೆಂದೇ ಒಂದು ಕಲಮು ಇರುತ್ತದೆ, ಯಾರೂ ಓದಿರುವುದಿಲ್ಲ, 2020ರಲ್ಲಿ ಎಲ್ಲರೂ ಓದಿದರು. ಅದರ ನಂತರ ಸಹಿ ಹಾಕಿದ ಕರಾರಿನಲ್ಲಿ ಸೋಂಕು ಹರಡುವುದು ಊಹಿಸದ ಸಂಗತಿ ಅಂತ ವಾದಿಸುವುದು ಕಷ್ಟ. ಆದ್ದರಿಂದ ಅದಕ್ಕೆ ಏನು ಅಂತ ಬಿಡಿಸಿ ಬರೆಯಿರಿ.

ಮಳೆ ಮಾತ್ರ ಬಿಡುವ ಹಾಗಿಲ್ಲ. ನಾನು ಮಾಲೀಕರ ಕಡೆ ಇದ್ದಾಗ ಬಂದ ಕ್ಲೇಮುಗಳಲ್ಲಿ ಮಳೆಯದೇ ಹೆಚ್ಚು. ಮಳೆಗಾಲದಲ್ಲಿ ಮಳೆ ಬಂತು ಅಂತ ಹಣ ಕೇಳಿದರೆ ಯಾರು ಕೊಡುತ್ತಾರೆ? ಫಿಡಿಕ್ ಕರಾರಿನಲ್ಲಿ ನೆಲದ ಕಷ್ಟಕ್ಕೆ ಕೊಡುವ ಕಲಮೇ ಹವಾಮಾನವನ್ನು ಹೊರಗಿಟ್ಟಿದೆ. ಎನ್‌ಇಸಿಯಲ್ಲಿ ಆ ಜಾಗದ ಮಳೆ ಲೆಕ್ಕ ತೆಗೆದು, ಆ ತಿಂಗಳಲ್ಲಿ ಸರಾಸರಿ ಹತ್ತು ವರ್ಷಕ್ಕೊಮ್ಮೆಗಿಂತ ಅಪರೂಪವಾಗಿ ಬರುವಷ್ಟು ಸುರಿದಿದ್ದರೆ ಮಾತ್ರ ಮಾತು. ಅಂಕಿ ಇದೆ, ಜಗಳ ಇಲ್ಲ.

ಒಬ್ಬರು ‘ಮಳೆಯಿಂದ 17 ದಿನ ಇಡೀ ಸೈಟ್ ನಿಂತಿತ್ತು’ ಅಂತ ಬರೆದಿದ್ದರು. ದಪ್ಪ ಫೈಲು, ಹವಾಮಾನ ವರದಿ, ಪತ್ರಿಕೆಯ ತುಣುಕುಗಳು ಎಲ್ಲ ಇತ್ತು. ಜೊತೆಗೆ ಅವರದೇ ಸೂಪರ್‌ವೈಸರ್ ಬರೆದ ದಿನಚರಿ ಪುಸ್ತಕವನ್ನೂ ತಿಳಿಯದೆ ಲಗತ್ತಿಸಿದ್ದರು. ಮೊದಲ ಐದು ದಿನ ಮಳೆ ನಿಜ. ಆರನೇ ದಿನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಬಿಸಿಲು. ಪಂಪ್ ಕೆಟ್ಟಿದೆ. ರಿಪೇರಿಯವನು ಬಂದಿಲ್ಲ. ಆಳುಗಳು ಖಾಲಿ ಕೂತಿದ್ದಾರೆ.’ ಮುಂದಿನ ಹನ್ನೊಂದು ದಿನವೂ ಪಂಪಿನದೇ ಪುರಾಣ. ಐದು ದಿನದ ಗಡುವು ವಿಸ್ತರಣೆಗೆ ಶಿಫಾರಸು ಮಾಡಿದೆ. ಆ ಸೂಪರ್‌ವೈಸರ್ ಹುಡುಗನಿಗೆ ಗುತ್ತಿಗೆದಾರರಿಂದ ಬೈಗುಳ ಬಿದ್ದಿರಬೇಕು, ಪಾಪ. ಆದರೆ ಆ ಐದು ದಿನ ಅವರಿಗೆ ಸಿಕ್ಕಿದ್ದೂ ಅವನ ಅಕ್ಷರದಿಂದಲೇ. ಸುಳ್ಳು ಬರೆಯದ ಪುಸ್ತಕ ಅಂತ ನಂಬಿಕೆ ಬಂದಿದ್ದರಿಂದ ಮಳೆಯ ದಿನಗಳನ್ನು ನಾನು ಪ್ರಶ್ನೆ ಮಾಡಲಿಲ್ಲ.

ಲೇಖನದಲ್ಲಿ ನೆಪ ಅಂದದ್ದು ಇಂಥ 17 ದಿನಗಳನ್ನೇ ಇರಬಹುದು. ಒಪ್ಪುತ್ತೇನೆ. ಆದರೆ ಅದರೊಳಗೆ ಐದು ದಿನ ನಿಜ ಇತ್ತಲ್ವಾ? ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಎಸೆದರೆ, ಮುಂದಿನ ಸಲ ಗುತ್ತಿಗೆದಾರ ಐದಕ್ಕೆ 17 ಅಲ್ಲ, 40 ಬರೆಯುತ್ತಾನೆ. ಹೇಗೂ ಕತ್ತರಿಸುತ್ತಾರೆ ಅಂತ.

ಮಾಲೀಕರ ಕಡೆಯವರೂ ಕಡಿಮೆ ಇಲ್ಲ. ಪತ್ರ ಬಂದರೆ ಉತ್ತರವೇ ಕೊಡದೆ ಇರುವುದು ಅವರ ಆಟ. ಉತ್ತರ ಕೊಟ್ಟರೆ ಒಪ್ಪಿಕೊಂಡ ಹಾಗೆ ಅನ್ನುವ ಭಯ. ಬಾಯಿಮಾತಿನಲ್ಲಿ “ನೀವು ಮಾಡ್ತಾ ಇರಿ” ಅನ್ನುತ್ತಾರೆ, ಕಾಗದದಲ್ಲಿ ಮೌನ. 2017ರ ಫಿಡಿಕ್ ಆವೃತ್ತಿ 28 ದಿನದ ಗಡುವನ್ನು ಮಾಲೀಕರ ಕ್ಲೇಮುಗಳಿಗೂ ಹಾಕಿತು. ಅದನ್ನು ಓದಿದ ದಿನ ನಮ್ಮ ಕಚೇರಿಯಲ್ಲಿ ಒಂಥರಾ ಸೂತಕ. ನನಗೆ ಒಳಗೊಳಗೇ ನಗು.

ಇದೆಲ್ಲ ಸುರಂಗ, ಸೇತುವೆ ಕಟ್ಟುವವರ ಮಾತು, ನಮಗೇನು ಅಂತ ಮನೆ ಕಟ್ಟಿಸುವ ಓದುಗರು ಅಂದುಕೊಳ್ಳಬಹುದು. ಒಂದು ಪುಟದ ಕರಾರಿಗೂ ಇದು ಸಲ್ಲುತ್ತದೆ. ಪಾಯ ಇಂತಿಷ್ಟು ಆಳದವರೆಗೆ ಒಪ್ಪಿದ ದರದಲ್ಲಿ, ಅದಕ್ಕಿಂತ ಕೆಳಗೆ ಹೋದರೆ ಅಳತೆ ಹಾಕಿ ಬೇರೆ ದರ. ಬಂಡೆ ಬಂದರೆ ಇಂತಿಷ್ಟು, ನೀರು ಬಂದರೆ ಪಂಪಿಗೆ ದಿನಕ್ಕೆ ಇಂತಿಷ್ಟು ಅಂತ ಅಗೆಯುವ ಮೊದಲೇ ಬರೆಯಿರಿ. ಗುಂಡಿಯಲ್ಲಿ ಏನೂ ಕಾಣದಿರುವಾಗ ಇಬ್ಬರೂ ಸಮಾಧಾನದಲ್ಲಿ ದರ ಹೇಳುತ್ತಾರೆ. ಬಂಡೆ ಕಂಡ ಮೇಲೆ ಕೇಳಿದರೆ ಮೇಸ್ತ್ರಿ ಹೇಳಿದ್ದೇ ದರ. ಏನಾದರೂ ಕಂಡರೆ ಅವತ್ತೇ ಟೇಪು ಹಿಡಿದ ಫೋಟೋ ಮೊಬೈಲಿಗೆ ಬರಲಿ, ನೀವು ಎರಡು ದಿನದಲ್ಲಿ ಉತ್ತರ ಕೊಡಿ. ಅಲ್ಲಿಯವರೆಗೆ ಮುಚ್ಚಬಾರದು. ಹಾಗೆಯೇ ಒಟ್ಟು ಖರ್ಚಿನ ಒಂದು ಭಾಗವನ್ನು ಇಂಥದ್ದಕ್ಕೆ ಅಂತ ಬೇರೆ ಎತ್ತಿಡಿ. ಗುತ್ತಿಗೆದಾರನಿಗೆ ಅದರ ಸುದ್ದಿ ಹೇಳಬೇಡಿ. ನಾನು ಆ ಕಡೆ ಇದ್ದವಳು, ಯಾಕೆ ಅಂತ ಕೇಳಬೇಡಿ.

ಆ ಸೈಟ್ ಇನ್‌ಚಾರ್ಜ್ ಈಗ ಇಲ್ಲ. ಗಂಬೂಟಿನ ಫೋಟೋ ನನ್ನ ಹತ್ತಿರ ಇದೆ, ಬಣ್ಣ ಮಾಸಿದೆ. ನಿವೃತ್ತಿಯಾಗುವ ಮುಂಚೆ ಹೊಸದಾಗಿ ಸೇರಿದವರಿಗೆ ಪಾಠ ಮಾಡುವಾಗ ಅದನ್ನು ತೋರಿಸಿ, 41ನೇ ದಿನ ಬರೆದ ಮೂರು ಪುಟದ ಪತ್ರದ ಬದಲು ಮೊದಲ ದಿನ ನಾನು ಏನು ಬರೆಯಬೇಕಿತ್ತು ಅಂತ ಕೇಳುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಬರೆಯುತ್ತಿದ್ದರು. ನನ್ನದು ಹೀಗಿದೆ, ಹತ್ತು ನಿಮಿಷವೂ ಬೇಡ:

“ಇಂದು ಬೆಳಿಗ್ಗೆ 11.20ಕ್ಕೆ ಎಫ್-14ರ ಗುಂಡಿಯಲ್ಲಿ 2.1 ಮೀಟರ್ ಕೆಳಗೆ ಇಟ್ಟಿಗೆ ಸುತ್ತಿನ ಹಳೇ ಬಾವಿ ಕಂಡಿದೆ. ಅಡ್ಡ ಸುಮಾರು 3.5 ಮೀಟರ್, ಆಳ ಇನ್ನೂ ಗೊತ್ತಿಲ್ಲ. ನೀವು ಕೊಟ್ಟ ಮಣ್ಣು ಪರೀಕ್ಷೆಯ ವರದಿಯಲ್ಲಿ ಇದು ಇಲ್ಲ. ಈ ಗುಂಡಿಯ ಕೆಲಸ ನಿಲ್ಲಿಸಿದ್ದೇವೆ, ಉಳಿದ ಕಡೆ ನಡೆಯುತ್ತಿದೆ. ಸಮಯ ಮತ್ತು ಖರ್ಚು ಎರಡೂ ಹೆಚ್ಚಾಗಬಹುದು. ದಯವಿಟ್ಟು ಇವತ್ತೇ ಬಂದು ನೋಡಿ, ಮುಚ್ಚುವ ಮೊದಲು.”

ಇಂತಿ,
ಒಬ್ಬ ನಿವೃತ್ತ ಬಿಲ್ಲಿಂಗ್ ಎಂಜಿನಿಯರ್